ವಾಲಂಟಿಯರ್ ಆಗಿ ಒಂದು ವರ್ಷ ಕೀನ್ಯಾಕ್ಕೆ ಹೊರಟಿದ್ದೇನೆ. ಅಲ್ಲಿ ದಿನ ಹೇಗೆ ಕಳೆಯುತ್ತೆ, ಗೊತ್ತಿದ್ದವರು ಹೇಳಿ

ವಿಜಯನಗರ ವಾಸಿ
ಎಲ್ಲರಿಗೂ ನಮಸ್ಕಾರ. ವಯಸ್ಸು 29. ಆರು ವರ್ಷ ಆಸ್ಪತ್ರೆಗಳ ಡೇಟಾ ಕೆಲಸ ಮಾಡಿದ್ದೇನೆ. ಈಗ ಕೀನ್ಯಾದ ಕಿಸುಮು ಅನ್ನೋ ಊರಲ್ಲಿ ಒಂದು ವರ್ಷದ ವಾಲಂಟಿಯರ್ ಕೆಲಸ ಸಿಕ್ಕಿದೆ. ಸಂಬಳ ಇಲ್ಲ. ತಿಂಗಳ ಖರ್ಚಿಗೆ ಭತ್ಯೆ, ವಿಮೆ, ಹೋಗಿಬರುವ ಟಿಕೆಟ್ ಕೊಡ್ತಾರೆ. ಹೊರಡೋಕೆ ಇನ್ನು ಏಳು ವಾರ ಇದೆ.

ಸಂಸ್ಥೆಯವರು 40 ಪುಟದ ಪಿಡಿಎಫ್ ಕಳಿಸಿದ್ದಾರೆ. 'ಸಾಂಸ್ಕೃತಿಕ ಹೊಂದಾಣಿಕೆ' ಅಂತ ಒಂಬತ್ತು ಪುಟ ಇದೆ. ನಲ್ಲಿಯಲ್ಲಿ ನೀರು ದಿನಾ ಬರುತ್ತಾ ಅಂತ ಒಂದು ಸಾಲೂ ಇಲ್ಲ. ನನಗೆ ಬೇಕಿರೋದು ಅದೇ. ಬೆಳಗ್ಗೆ ಎದ್ದು ಏನು ಮಾಡ್ತೀರಿ, ಸಂಜೆ ಏನು ಮಾಡ್ತೀರಿ, ಭಾನುವಾರ ಹೇಗೆ ಕಳೀತೀರಿ?

ಅಮ್ಮನ ಪ್ರಶ್ನೆಗಳು ಬೇರೆ. ಮೊಟ್ಟೆಯನ್ನೂ ತಿನ್ನದವಳು ಅಲ್ಲಿ ಏನು ತಿಂತೀಯ? ಸೊಪ್ಪು ಸಿಗುತ್ತಾ? ದೊಡ್ಡಪ್ಪ ಮಾತ್ರ ಒಂದೇ ಮಾತಲ್ಲಿ ಮುಗಿಸಿದರು: "ಮನೆಗೆ ಮಾರಿ, ಊರಿಗೆ ಉಪಕಾರಿ."

ಒನ್ ಬೈ ಟು
ಕಿಸುಮು ಎಲ್ಲಿದೆ ಅಂತ ಮ್ಯಾಪ್ ನೋಡಿ ಬಂದೆ. ದೊಡ್ಡ ಕೆರೆ ಪಕ್ಕ ಇದೆ. ಚೆನ್ನಾಗಿರುತ್ತೆ. ನನ್ನ ಕೊಡುಗೆ ಇಷ್ಟೇ.

ಕಟ್ಟೆಪುರಾಣ
ಬೇಜಾರು ಮಾಡ್ಕೋಬೇಡಿ ಮೇಡಂ, ಆದರೂ ಕೇಳ್ತೀನಿ. ಸೇವೆ ಮಾಡೋಕೆ ಕೀನ್ಯಾತನಕ ಹೋಗಬೇಕಾ? ರಾಯಚೂರಿನಲ್ಲಿ ಮಾಡೋ ಕೆಲಸ ಇಲ್ವಾ? ಆಸ್ಪತ್ರೆ ಡೇಟಾ ಅಂದ್ರೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬೇಕಾದಷ್ಟು ರಿಜಿಸ್ಟರ್ ಧೂಳು ತಿಂತಾ ಬಿದ್ದಿವೆ.

ಮುದ್ದೆ ಮುರಿಯೋನು
ತಂಗಿ, ನಾನು ಕಿಸುಮುವಿನಲ್ಲೇ 14 ತಿಂಗಳು ಇದ್ದೆ. ಈಗ ಕೆಂಗೇರಿ. ಮೂಲ ಮಂಡ್ಯ ಕಡೆ. ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಮೊದಲು ಅಮ್ಮನಿಗೆ ಉತ್ತರ. ಸೊಪ್ಪಿನ ವಿಷಯದಲ್ಲಿ ವಿಜಯನಗರಕ್ಕಿಂತ ಅಲ್ಲೇ ನೀವು ಚೆನ್ನಾಗಿ ತಿಂತೀರಿ. 'ತೆರೆರೆ' ಅಂತಾರೆ, ಅದು ನಮ್ಮ ದಂಟಿನ ಸೊಪ್ಪು. 'ಮನಾಗು' ಅಂದ್ರೆ ಗಣಿಕೆ ಸೊಪ್ಪು. 'ಕುಂಡೆ' ಅಲಸಂದೆ ಸೊಪ್ಪು. 'ಎನ್‌ಡೆಂಗು' ಅಂತ ಹೋಟೆಲ್‌ನಲ್ಲಿ ಬರೆದಿದ್ದರೆ ಕಣ್ಣು ಮುಚ್ಚಿ ಹೇಳಿ, ಅದು ಹೆಸರುಕಾಳಿನ ಗೊಜ್ಜು. ಚಪಾತಿ ಅಲ್ಲೂ ಚಪಾತಿನೇ. ಈರುಳ್ಳಿ ಟೊಮೆಟೊ ಹೆಚ್ಚಿ ಕೊಡೋದಕ್ಕೆ 'ಕಚುಂಬರಿ' ಅಂತಾರೆ. ಮೊದಲ ಸಲ ಆ ಹೆಸರು ಕೇಳಿದಾಗ ಕೋಸಂಬರಿ ನೆನಪಾಗಿ ಗಂಟಲು ಕಟ್ಟಿತ್ತು.

ಇನ್ನು ಉಗಾಲಿ. ಬಿಳಿ ಜೋಳದ ಹಿಟ್ಟಿನ ಮುದ್ದೆ. ಜೋಳ ಅಂದ್ರೆ ಮೆಕ್ಕೆಜೋಳ. ಕುದಿಯೋ ನೀರಿಗೆ ಹಿಟ್ಟು ಸುರಿದು ಮರದ ಸೌಟಲ್ಲಿ ತಿರುವುತ್ತಾರೆ. ನಮ್ಮಜ್ಜಿ ಕೋಲು ಹಿಡಿದು ಕೂತ ಹಾಗೇ. ಒಂದು ವ್ಯತ್ಯಾಸ ಇದೆ. ನಾವು ಮುದ್ದೆ ನುಂಗ್ತೀವಿ. ಅವರು ಚೂರು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಅದರಲ್ಲೇ ಪಲ್ಯ ಎತ್ತಿ, ಅಗಿದು ತಿಂತಾರೆ. ನಾನು ನುಂಗಿದ್ದನ್ನು ನೋಡಿ ಆಫೀಸಿನ ಅಡುಗೆಯವರು ಗಾಬರಿಯಿಂದ ನೀರು ತಂದುಕೊಟ್ಟರು.

ನೀರು: ನಾನಿದ್ದ ಏರಿಯಾದಲ್ಲಿ ವಾರಕ್ಕೆ ಮೂರು ದಿನ ಬರ್ತಿತ್ತು. ಉಳಿದ ದಿನ 20 ಲೀಟರಿನ ಹಳದಿ ಕ್ಯಾನು, ಕೈಗಾಡಿಯವರು ತಂದು ಹಾಕೋರು. ವಿಕ್ಟೋರಿಯಾ ಸರೋವರ ಕಣ್ಣೆದುರೇ ಇದೆ, ಸ್ನಾನಕ್ಕೆ ಎರಡು ಚೊಂಬು. ಆ ಸರೋವರಕ್ಕೆ ಮಾತ್ರ ಇಳೀಬೇಡಿ. ನೀರಲ್ಲಿ ಬಸವನಹುಳುವಿನಿಂದ ಬರುವ ಒಂದು ಪರೋಪಜೀವಿ ಇದೆ, ಚರ್ಮದ ಮೂಲಕ ಒಳಗೆ ಹೋಗುತ್ತೆ. ದಡದ ತುಂಬ ಜಲಕಳೆ ಬೇರೆ. ಬೆಳ್ಳಂದೂರು ಕೆರೆ ನೋಡಿದವರಿಗೆ ಅದೇನೂ ಹೊಸತಲ್ಲ ಬಿಡಿ.

ಕರೆಂಟು: ಪ್ರೀಪೇಯ್ಡ್. ಮೊಬೈಲಲ್ಲಿ ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತೆ, ಮೀಟರಿನಲ್ಲಿ ಒತ್ತಬೇಕು. ಕತ್ತಲಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, 17ನೇ ಅಂಕಿ ತಪ್ಪು ಒತ್ತಿದ ಮೇಲೆ ನೀವು ನಿಜವಾದ ವಾಲಂಟಿಯರ್.

ಸಂಜೆ: ಊರು ಭೂಮಧ್ಯರೇಖೆ ಮೇಲೇ ಕೂತಿದೆ. ಹನ್ನೆರಡು ತಿಂಗಳೂ ಏಳರ ಆಸುಪಾಸಿಗೆ ಕತ್ತಲು. ಆರೂವರೆಗೆ ಬೆಳಕು, ಏಳಕ್ಕೆ ಕಪ್ಪು, ನಡುವೆ ಮುಸ್ಸಂಜೆ ಅನ್ನೋದೇ ಇಲ್ಲ. ಆಮೇಲೆ ಒಬ್ಬರೇ ಓಡಾಡಬೇಡಿ ಅಂತ ಎಲ್ಲರೂ ಹೇಳ್ತಾರೆ, ಕೇಳಿ. ಹಾಗಾಗಿ ಸಂಜೆ ಅಂದ್ರೆ ಒಂದು ರೂಮು, ಒಂದು ಸೊಳ್ಳೆಪರದೆ, ನೀವು. ಅದಕ್ಕೆ ಯಾವ ಪಿಡಿಎಫ್‌ನಲ್ಲೂ ಔಷಧಿ ಇಲ್ಲ.

ಒನ್ ಬೈ ಟು
"ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು" 😂 ಬೆಸ್ಕಾಂನವರು ಇದನ್ನ ನೋಡದಿರಲಿ.

ರಾಯಚೂರು ಹುಡುಗ
ಕಟ್ಟೆಪುರಾಣ ಸರ, ಪ್ರತಿ ಸಲ ನಮ್ಮೂರನ್ನ ಯಾಕ ಎಳೀತೀರಿ? ನಾನು ದೇವದುರ್ಗದವನು, ಈಗ ಹೆಬ್ಬಾಳದಲ್ಲಿ ಇರೋದು. ಯಾರಾದರೂ ಹೊರದೇಶಕ್ಕೆ ಹೊರಟರೆ ಮಾತ್ರ ನಿಮಗೆ ರಾಯಚೂರು ನೆನಪಾಗುತ್ತೆ. ನೀವು ಎಷ್ಟು ಸಲ ಬಂದೀರಿ ನಮ್ಮ ತಾಲ್ಲೂಕು ಆಸ್ಪತ್ರೆಗೆ?

ಕಟ್ಟೆಪುರಾಣ
ಬಂದಿಲ್ಲ ಅಂತ ಒಪ್ಕೋತೀನಿ. ಆದರೂ ಪ್ರಶ್ನೆ ಸುಳ್ಳಾಗಲ್ಲ. ಇನ್ನೊಂದು ಮಾತು. ಈ 'ವಾಲಂಟಿಯರ್' ಹೆಸರಲ್ಲಿ ದುಡ್ಡು ಮಾಡೋ ಅಂಗಡಿಗಳು ಎಷ್ಟಿವೆ! ಎರಡು ವಾರಕ್ಕೆ ಲಕ್ಷಗಟ್ಟಲೆ ಫೀಸ್ ಕಟ್ಟಿಸ್ಕೊಂಡು, ಅನಾಥಾಶ್ರಮದ ಮಕ್ಕಳ ಜೊತೆ ಫೋಟೋ ತೆಗೆಸಿ ಕಳಿಸ್ತಾರೆ. ನನ್ನ ಭಾವಮೈದುನ ಹಾಗೇ ಹೋಗಿ ಬಂದ. ಗೋಡೆಗೆ ಬಣ್ಣ ಬಳಿದೆ ಅಂದ. ಅವನ ಹಿಂದಿನ ವಾರ ಬಂದವರೂ ಅದೇ ಗೋಡೆಗೆ ಬಳಿದಿದ್ದರಂತೆ.

ಹಳೇ ಸಿಲಬಸ್
ಈ ಒಂದು ವಿಷಯದಲ್ಲಿ ಕಟ್ಟೆಪುರಾಣ ಹೇಳೋದು ಸರಿ. ನೋಡೋಕೆ ಬರುವವರ ದುಡ್ಡಿಗಾಗಿ, ತಂದೆ ತಾಯಿ ಇರುವ ಮಕ್ಕಳನ್ನೂ ಆಶ್ರಮಕ್ಕೆ ತಂದು ಇಟ್ಟುಕೊಳ್ಳೋ ದಂಧೆ ಕೆಲವು ದೇಶಗಳಲ್ಲಿದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾನೂನು ಮಾಡುವಾಗ ಇದನ್ನೂ ಚರ್ಚೆಗೆ ತಂದಿತ್ತು. ಆದರೆ ಈ ಹುಡುಗಿ ಹೋಗ್ತಿರೋದು ಒಂದು ವರ್ಷಕ್ಕೆ, ಗೊತ್ತಿರೋ ಕೆಲಸಕ್ಕೆ, ಅವರೇ ಖರ್ಚು ಕೊಡ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ನರ್ಸಮ್ಮ
ಅನ್ನ ಸಾರು ಆಮೇಲೆ ಮಾತಾಡಿ, ಮೊದಲು ಸೂಜಿ. ಕೀನ್ಯಾಕ್ಕೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ತಗೊಂಡಿರಬೇಕು. ಎಲ್ಲ ಆಸ್ಪತ್ರೆಯಲ್ಲೂ ಹಾಕಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ. ಮುಂಚೆ ಅಪಾಯಿಂಟ್‌ಮೆಂಟ್ ಮಾಡಿಸಿ. ಲಸಿಕೆ ಹಾಕಿಸಿದ್ದಕ್ಕೆ ಕೊಡೋ ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಯಲ್ಲೇ ಇರಲಿ. ವಾಪಸ್ ಬರುವಾಗ ಅದಿಲ್ಲದಿದ್ದರೆ ಇಲ್ಲಿ ಇಳಿದ ಮೇಲೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. 2016ರಿಂದ ಒಂದೇ ಡೋಸ್ ಜೀವನಪೂರ್ತಿಗೆ ಸಾಕು ಅಂತ ಆಗಿದೆ, ಹತ್ತು ವರ್ಷಕ್ಕೆ ಮತ್ತೆ ಹಾಕಿಸಿ ಅನ್ನೋರ ಮಾತು ಹಳೇದು.

ಮಲೇರಿಯಾ ಅಲ್ಲಿ ಜಾಸ್ತಿ. ಅದು ಬಾರದ ಹಾಗೆ ತಗೊಳ್ಳೋ ಮಾತ್ರೆ ಯಾವುದು ಅಂತ ಡಾಕ್ಟರ್ ಹತ್ತಿರ ಕೂತು ಮಾತಾಡಿ. ಡಾಕ್ಸಿಸೈಕ್ಲಿನ್ ಕೆಲವರಿಗೆ ಬಿಸಿಲಿಗೆ ಚರ್ಮ ಉರಿಸುತ್ತೆ. ಮೆಫ್ಲೋಕ್ವಿನ್ ಕೆಲವರಿಗೆ ಕೆಟ್ಟ ಕನಸು ತರುತ್ತೆ. ಬೆಂಗಳೂರಿಗೆ ಬಂದ ಮೇಲೆ ಜ್ವರ ಬಂದರೆ 'ವೈರಲ್' ಅಂತ ಸುಮ್ನೆ ಮಲಗಬೇಡಿ. ಎಲ್ಲಿಂದ ಬಂದೆ ಅಂತ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ವಿಜಯನಗರ ವಾಸಿ
ನರ್ಸಮ್ಮ, ತುಂಬಾ ಥ್ಯಾಂಕ್ಸ್. ನಾಳೆನೇ ಫೋನ್ ಮಾಡ್ತೀನಿ.
ಮುದ್ದೆ ಅಣ್ಣ, ಗಣಿಕೆ ಸೊಪ್ಪು ಅಂದ ಕೂಡಲೇ ಅಮ್ಮ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಆದರೆ ಒಂದು ವಿಷಯ ಕೇಳ್ಬೇಕು. ಅಲ್ಲಿ ನಮ್ಮನ್ನ ಏನಂತ ನೋಡ್ತಾರೆ? ಬಿಳಿಯರು ವಾಲಂಟಿಯರ್ ಅಂದ್ರೆ ಜನ ಒಪ್ತಾರೆ. ನಾವು ಅಂದ್ರೆ?

ಮುದ್ದೆ ಮುರಿಯೋನು
ಒಳ್ಳೆ ಪ್ರಶ್ನೆ. ಯಾರೂ ಕೇಳಲ್ಲ ಇದನ್ನ.

ಬಿಳಿಯರಿಗೆ 'ಮುಜುಂಗು', ನಮಗೆ 'ಮುಹಿಂದಿ'. ಬೈಗುಳ ಅಲ್ಲ, ಆದರೆ ಆ ಪದದ ಹಿಂದೆ ಒಂದು ಅಂಗಡಿ ಇರುತ್ತೆ. ಮೊದಲ ತಿಂಗಳು ಸಿಕ್ಕವರೆಲ್ಲ ಕೇಳಿದ್ದು ಒಂದೇ: "ನಿಮ್ಮಪ್ಪನ ಅಂಗಡಿ ಯಾವುದು?" ಹಾರ್ಡ್‌ವೇರ್ ಅಂಗಡಿನಾ, ಸೂಪರ್ ಮಾರ್ಕೆಟ್ಟಾ? ವಾಲಂಟಿಯರ್ ಅಂದರೆ ನಕ್ಕುಬಿಡೋರು. ಭಾರತೀಯ ಪುಕ್ಕಟೆ ಕೆಲಸ ಮಾಡೋದುಂಟಾ ಅಂತ! ನನ್ನ ಜೊತೆ ಒಬ್ಬ ಡಚ್ ಹುಡುಗ ಇದ್ದ. ಅವನಿಗೆ ಏನೂ ಬರ್ತಿರಲಿಲ್ಲ, ಆದರೂ ಮೀಟಿಂಗಲ್ಲಿ ಮೊದಲ ಕುರ್ಚಿ. ನನ್ನನ್ನು ಅಕೌಂಟೆಂಟ್ ಅಂದುಕೊಂಡು ಬಿಲ್ ಕೊಟ್ಟುಹೋದವರು ಇಬ್ಬರು.

ಅಲ್ಲಿಯ ಭಾರತೀಯರಿಗೂ ನಾವು ಅರ್ಥ ಆಗಲ್ಲ. ದೇವಸ್ಥಾನದಲ್ಲಿ ಸಿಕ್ಕ ಗುಜರಾತಿ ಹಿರಿಯರೊಬ್ಬರು ನನ್ನ ಬಾಡಿಗೆ ಮನೆ ಯಾವ ಏರಿಯಾದಲ್ಲಿದೆ ಅಂತ ಕೇಳಿ, ಆಮೇಲೆ ಪಾಪ ಅನ್ನೋ ಥರ ಮನೆಗೆ ಊಟಕ್ಕೆ ಕರೆದರು. ಹೋದೆ. ಹೊಟ್ಟೆ ತುಂಬಾ ಕಢಿ ಖಿಚಡಿ. ಮಾರನೇ ದಿನ ಆಫೀಸಲ್ಲಿ ಹೇಳಿದೆ. ಸಹೋದ್ಯೋಗಿ ಒಬ್ಬಳು ಮೆಲ್ಲಗೆ ಕೇಳಿದಳು: "ನಾನು ಹುಟ್ಟಿದ್ದು ಇದೇ ಊರಲ್ಲಿ. ಆ ಮನೆಗಳ ಒಳಗೆ ಒಂದು ಸಲವೂ ಹೋಗಿಲ್ಲ. ಒಳಗೆ ಹೇಗಿರುತ್ತೆ?" ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಒನ್ ಬೈ ಟು
ಆ ಅಂಗಡಿಯವರೆಲ್ಲ ರೈಲ್ವೆ ಕೆಲಸಕ್ಕೆ ಹೋದ ಕೂಲಿಗಳ ಮೊಮ್ಮಕ್ಕಳು ಅಲ್ವಾ?

ಹಳೇ ಸಿಲಬಸ್
ಅರ್ಧ ಸರಿ. ಬ್ರಿಟಿಷರು 1896ರಿಂದ 1901ರವರೆಗೆ ಸಮುದ್ರ ತೀರದ ಮೊಂಬಾಸಾದಿಂದ ಸರೋವರದ ದಡದತನಕ ರೈಲು ಹಾಕಿದರು. ಕೊನೆಯ ನಿಲ್ದಾಣ ಈಗಿನ ಕಿಸುಮು, ಆಗ ಅದಕ್ಕೆ ಪೋರ್ಟ್ ಫ್ಲಾರೆನ್ಸ್ ಅಂತ ಹೆಸರು. ಸುಮಾರು 32 ಸಾವಿರ ಜನರನ್ನು ಇಲ್ಲಿಂದ ಕರೆದುಕೊಂಡು ಹೋದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಅಲ್ಲೇ ಸತ್ತರು. ಕೆಲಸ ಮುಗಿದ ಮೇಲೆ ಬಹುಪಾಲು ಜನ ವಾಪಸ್ ಬಂದರು. ಅಂಗಡಿ ಇಟ್ಟವರಲ್ಲಿ ಹೆಚ್ಚಿನವರು ಬೇರೆಯಾಗಿ ಹೋದ ಗುಜರಾತಿಗಳು. 2017ರಲ್ಲಿ ಕೀನ್ಯಾ ಸರ್ಕಾರ ಅಲ್ಲಿನ ಏಷ್ಯನ್ನರನ್ನು ದೇಶದ 44ನೇ ಬುಡಕಟ್ಟು ಅಂತ ಗುರುತಿಸಿತು.

ಒನ್ ಬೈ ಟು
ಸಿಲಬಸ್ ಸಾರ್ ಇದ್ದ ಕಡೆ ಸುಮ್ನೆ ಬಾಯಿ ಬಿಡಬಾರದು.

ನಾಲ್ಕನೇ ಬ್ಲಾಕ್ ಆಂಟಿ
ನಾನು ಎಲ್ಲಿಗೂ ಹೋದವಳಲ್ಲ. ಆದರೆ ನಮ್ಮ ಜಯನಗರದ ಮನೆಯಲ್ಲಿ ಹತ್ತು ತಿಂಗಳು ಒಬ್ಬಳು ಜರ್ಮನ್ ಹುಡುಗಿ ಇದ್ದಳು. 19 ವರ್ಷ. ಅಲ್ಲಿನ ಸರ್ಕಾರದ 'ವೆಲ್ಟ್‌ವರ್ಟ್ಸ್' ಅಂತ ಯೋಜನೆ, 2008ರಿಂದ ಇದೆ, 18ರಿಂದ 28 ವರ್ಷದವರನ್ನು ಹೀಗೆ ಕಳಿಸ್ತಾರೆ. ಒಂದು ಸ್ಕೂಲಲ್ಲಿ ಕೆಲಸ ಮಾಡ್ತಿದ್ದಳು. ಅವಳಿಗೆ ಇಲ್ಲಿ ಆಗಿದ್ದೇ ನಿಮಗೆ ಅಲ್ಲಿ ಆಗೋದು ಮಗಳೇ, ಅದಕ್ಕೆ ಬರೀತಿದ್ದೀನಿ.

ಬಂದ ಮೊದಲ ವಾರ ಬೀದಿಯವರೆಲ್ಲ "ಊಟ ಆಯ್ತಾ" ಅಂತ ಕೇಳಿದ್ದಕ್ಕೆ, ಪಾಪ, ಪ್ರತಿಯೊಬ್ಬರಿಗೂ ಏನು ತಿಂದೆ ಅಂತ ಪೂರ್ತಿ ವರದಿ ಕೊಟ್ಟಿದ್ದಾಳೆ. ಹೂವಿನವಳು "ಊಟ ಆಯ್ತಾ" ಅಂದಾಗ "ಇಲ್ಲ" ಅಂದು ಅಲ್ಲೇ ನಿಂತಿದ್ದಳಂತೆ, ಊಟಕ್ಕೆ ಕರೀತಾಳೆ ಅಂತ. ಇನ್ನೊಂದು, ನಾವು ಹೊರಡುವಾಗ "ಬರ್ತೀನಿ" ಅಂತೀವಲ್ಲ. ನಮ್ಮ ನಾದಿನಿ "ಬರ್ತೀನಿ ಕಣಮ್ಮ" ಅಂತ ಹೋದಳು. ಈ ಹುಡುಗಿ ರಾತ್ರಿ ಹತ್ತರವರೆಗೆ ಗೇಟಿಗೆ ಬೀಗ ಹಾಕೋಕೆ ಬಿಡಲಿಲ್ಲ. ಆಂಟಿ ಬರ್ತೀನಿ ಅಂದಿದ್ದಾರೆ ಅಂತ!

ನಗೋಕೆ ಇದೆಲ್ಲ ಚೆಂದ. ಆದರೆ ಒಂದು ತಪ್ಪು ನಮ್ಮಿಂದ ಆಯಿತು. ಡಿಸೆಂಬರ್ 25ಕ್ಕೆ ಕೇಕ್ ತಂದು ಸರ್ಪ್ರೈಸ್ ಮಾಡೋಣ ಅಂತಿದ್ದೆವು. ಜರ್ಮನ್ನರಿಗೆ ದೊಡ್ಡ ಹಬ್ಬ 24ರ ಸಂಜೆಯಂತೆ. ನಮಗೆ ಗೊತ್ತಿಲ್ಲ. ಆ ಸಂಜೆ ನಾವು ಟಿವಿ ಮುಂದೆ ಅವರೆಕಾಳು ಸುಲೀತಾ ಕೂತಿದ್ದೆವು. ಅವಳೂ ಬಂದು ಕೂತು, ಒಂದು ಮೊರದಷ್ಟು ಸುಲಿದಳು. ಏನೂ ಹೇಳಲಿಲ್ಲ. ಮಾರನೇ ದಿನ ಕೇಕ್ ನೋಡಿ ಅತ್ತಳು. ನಾವು ಖುಷಿಗೆ ಅಳ್ತಾಳೆ ಅಂದುಕೊಂಡೆವು.

ಯುಗಾದಿ ಬರುವಾಗ ನೀವು ಅಲ್ಲೇ ಇರ್ತೀರಲ್ಲ. ಮುಂಚೆನೇ ಹೇಳಿಬಿಡಿ ಅವರಿಗೆ, ಇವತ್ತು ನಮ್ಮ ಹಬ್ಬ ಅಂತ. ಗೊತ್ತಾಗಲಿ ಅಂತ ಕಾಯಬೇಡಿ.

ವಿಜಯನಗರ ವಾಸಿ
ಆಂಟಿ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಡಾಯ್ಚ್ ದೋಸೆ
ಉಲ್ಟಾ ಕಡೆಯಿಂದ ನಾನು. ಬಸವನಗುಡಿಯವನು, ಜರ್ಮನಿಯ ಒಂದು ಸಣ್ಣ ಊರಲ್ಲಿ ವೃದ್ಧಾಶ್ರಮದಲ್ಲಿ ವಾಲಂಟಿಯರ್. ಅವರಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತ ಮೇಲೆ 2011ರಲ್ಲಿ ಈ ಸರ್ಕಾರಿ ಸೇವಾ ಯೋಜನೆ ಶುರುವಾಯಿತು. ಕೈಖರ್ಚಿಗೆ ದುಡ್ಡು, ವಿಮೆ. ನನಗೆ ರೂಮೂ ಕೊಟ್ಟಿದ್ದಾರೆ.

ಬೆಂಗಳೂರು ಅಂದ ಕೂಡಲೇ ಅಜ್ಜ ಅಜ್ಜಿಯರೆಲ್ಲ ಮೊಬೈಲ್ ತಂದು ಕೈಗಿಡ್ತಾರೆ. ನಾನು ಬಿಕಾಂ ಸ್ವಾಮಿ! ಆದರೂ ಫಾಂಟ್ ದೊಡ್ಡದು ಮಾಡೋದು ಕಲಿತೆ. ಭಾನುವಾರ ಊರಿಗೆ ಊರೇ ಸ್ತಬ್ಧ. ಅಂಗಡಿ ಇಲ್ಲ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಮೊದಲ ಭಾನುವಾರ ಕುಕ್ಕರ್ ಮೂರು ಸಲ ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ಬಡಿದರು. ಬೈಯೋಕೆ ಅಲ್ಲ, ಏನಾದರೂ ಸಿಡೀತಾ ಅಂತ ನೋಡೋಕೆ. ಈಗ ಅವರಿಗೂ ಸಾರು ಇಷ್ಟ.

ಕಟ್ಟೆಪುರಾಣ
ನೋಡಿ, ಜರ್ಮನ್ ಹುಡುಗಿ ಜಯನಗರಕ್ಕೆ, ಬಸವನಗುಡಿ ಹುಡುಗ ಜರ್ಮನಿಗೆ. ಇಬ್ಬರೂ ಅವರವರ ಊರಲ್ಲೇ ಇದ್ದಿದ್ದರೆ ವಿಮಾನದ ಪೆಟ್ರೋಲ್ ಆದರೂ ಉಳೀತಿತ್ತು.

ರಾಯಚೂರು ಹುಡುಗ
ವಿಮಾನಕ್ಕೆ ಪೆಟ್ರೋಲ್ ಹಾಕಲ್ರಿ ಸರ.

ನೇಪಾಳ ರಿಟರ್ನ್
ನಾನು ಯುಎನ್ ವಾಲಂಟಿಯರ್ ಆಗಿ ಕಠ್ಮಂಡುವಿನಲ್ಲಿದ್ದೆ. ಊಟಕ್ಕೆ ದಾಲ್ ಭಾತ್, ಭಾಷೆಗೆ ಹಿಂದಿ ನಡೆಯುತ್ತೆ, ವೀಸಾ ಬೇಡ. ಬರೀ 15 ನಿಮಿಷದ ಟೈಮ್ ವ್ಯತ್ಯಾಸ. ಅದೇ 15 ನಿಮಿಷ ಒಂದು ವರ್ಷ ನನ್ನ ತಲೆ ತಿಂತು.

ಕೆಲಸದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಮೊದಲ ಮೂರು ತಿಂಗಳು ನೀವು ಯಾರಿಗೂ ಉಪಯೋಗ ಆಗಲ್ಲ. ಬೆಂಗಳೂರಿನ ವೇಗದಲ್ಲಿ ಎಕ್ಸೆಲ್ ಶೀಟ್ ಮಾಡಿ ಇಟ್ಟರೆ ಯಾರೂ ತೆರೆಯಲ್ಲ. ಟೀ ಕುಡಿಯುವಾಗ ಅವರ ಜೊತೆ ಕೂತ್ಕೊಳ್ಳಿ. ರಿಜಿಸ್ಟರ್ ಬರೆಯೋ ಅಕ್ಕನ ಹತ್ತಿರ, ಈ ಕಾಲಂ ಯಾಕೆ ಖಾಲಿ ಬಿಡ್ತೀರಿ ಅಂತ ಕೇಳಿ. ಕಾರಣ ಇದ್ದೇ ಇರುತ್ತೆ. ನನಗೆ ಸಿಕ್ಕ ಕಾರಣ: ಆ ಕಾಲಂ ತುಂಬಿದರೆ ಇನ್ನೊಂದು ಫಾರಂ ತುಂಬಬೇಕು, ಆ ಫಾರಂ ಎರಡು ವರ್ಷದಿಂದ ಸ್ಟಾಕ್ ಇಲ್ಲ!

ಮತ್ತೆ ಇಲ್ಲಿನ ಸಿಮ್ ಸಾಯೋಕೆ ಬಿಡಬೇಡಿ. ರೋಮಿಂಗ್ ಹಾಕಿಸಿ, ಕಮ್ಮಿ ರೀಚಾರ್ಜ್ ಮಾಡ್ತಾ ಇರಿ. ಓಟಿಪಿ ಬರದೆ ನನ್ನ ಬ್ಯಾಂಕ್ ಖಾತೆ ನಾಲ್ಕು ತಿಂಗಳು ನನ್ನದೇ ಆಗಿರಲಿಲ್ಲ.

ಮುದ್ದೆ ಮುರಿಯೋನು
ನೇಪಾಳದವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಟೈಮ್ ಅಂದಾಗ ನೆನಪಾಯಿತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗ್ಗೆ ಏಳು ಅವರಿಗೆ ಒಂದು ಗಂಟೆ. "ಸಾ ಮ್ಬಿಲಿ" ಅಂದ್ರೆ ಎರಡು ಗಂಟೆ, ಅಂದ್ರೆ ಬೆಳಗ್ಗೆ ಎಂಟು. ಹಾಗೆ ಕರೆದಿದ್ದ ಕಾರ್ಯಕ್ರಮಕ್ಕೆ ನಾನು ಮಧ್ಯಾಹ್ನ ಎರಡಕ್ಕೆ, ಊಟ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹೋದೆ. ಕುರ್ಚಿ ಎಲ್ಲ ಎತ್ತಿಟ್ಟಿದ್ದರು. ಆಫೀಸಿನವರು ಇಂಗ್ಲಿಷಲ್ಲಿ ಹೇಳುವಾಗ ನಮ್ಮ ಥರಾನೇ ಹೇಳ್ತಾರೆ, ಅದಕ್ಕೇ ಇನ್ನೂ ಗೊಂದಲ.

ಆ ಭಾಷೆಯಲ್ಲಿ ನಮ್ಮ ಕಿವಿಗೆ ಸಿಗೋ ಪದ ಬಹಳ. ಗಾಡಿಗೆ 'ಗಾರಿ', ಲಕ್ಷಕ್ಕೆ 'ಲಾಕಿ', ಬಣ್ಣಕ್ಕೆ 'ರಂಗಿ', ವಿಮೆಗೆ 'ಬೀಮಾ'. ಆದರೆ ಕಿಸುಮು ಜನರ ಮನೆಮಾತು ಲುವೋ. 'ಎರೊಕಮಾನೊ' ಅಂದ್ರೆ ಥ್ಯಾಂಕ್ಸ್. ಅದೊಂದು ಕಲಿತು ಹೋಗಿ, ಸಂತೆಯಲ್ಲಿ ಟೊಮೆಟೊ ಒಂದೆರಡು ಜಾಸ್ತಿ ಬೀಳುತ್ತೆ.

ದುಡ್ಡಿನ ವಿಷಯ. ಎಂ-ಪೆಸಾ ಅಂತ ಮೊಬೈಲಲ್ಲೇ ದುಡ್ಡು ಕಳಿಸೋ ವ್ಯವಸ್ಥೆ ಇದೆ. ನಮ್ಮ ಯುಪಿಐ ಬಂದಿದ್ದು 2016ರಲ್ಲಿ, ಅವರದು 2007ರಲ್ಲೇ. ಸೊಪ್ಪಿನವಳಿಗೂ ಮೊಬೈಲಲ್ಲೇ ಕೊಡೋದು. ಕಷ್ಟ ಅದಲ್ಲ. 'ಹರಾಂಬೆ' ಅಂತ ಒಂದು ಪದ್ಧತಿ ಇದೆ. ಮದುವೆ, ಸಾವು, ಮಕ್ಕಳ ಫೀಸು, ಎಲ್ಲದಕ್ಕೂ ಎಲ್ಲರೂ ಕೂಡಿ ಹಾಕೋದು. ವಾಟ್ಸ್ಯಾಪ್ ಗ್ರೂಪಲ್ಲಿ ಯಾರು ಎಷ್ಟು ಕೊಟ್ಟರು ಅಂತ ಪಟ್ಟಿ ಬರುತ್ತೆ. ಮೊದಮೊದಲು ನನ್ನ ಹತ್ತಿರ ಕಿತ್ಕೋತಿದ್ದಾರೆ ಅಂತ ಅನಿಸ್ತು. ಆಮೇಲೆ ಹೊಳೀತು, ಇದು ನಮ್ಮೂರ ಮುಯ್ಯಿ. ಮದುವೆ ಮನೆಯಲ್ಲಿ ನೋಟ್‌ಬುಕ್ ಹಿಡಿದು ಕೂತು ಬರೀತಾರಲ್ಲ, ಅದೇ. ನನಗೆ ಮಲೇರಿಯಾ ಬಂದಾಗ ಅದೇ ಗ್ರೂಪಲ್ಲಿ ನನ್ನ ಹೆಸರಿಗೂ ಪಟ್ಟಿ ಬಂತು. ವಿಮೆ ಇದೆ, ಬೇಡ ಅಂದರೂ ಬಿಡಲಿಲ್ಲ. ಕೈಗಾಡಿ ನೀರಿನವನದೂ 50 ಶಿಲ್ಲಿಂಗ್ ಇತ್ತು.

ಕಟ್ಟೆಪುರಾಣ
ಇದು ಚೆನ್ನಾಗಿದೆ. ಸೇವೆ ಮಾಡೋಕೆ ಹೋಗಿ ಮಾಡಿಸ್ಕೊಂಡು ಬಂದಿದ್ದೀರಿ.

ಮುದ್ದೆ ಮುರಿಯೋನು
ಹೌದು ಗುರು. ಲೆಕ್ಕ ಹಾಕಿದರೆ ನನ್ನದೇ ಬಾಕಿ.

ವಿಜಯನಗರ ವಾಸಿ
ಅಮ್ಮ ಎಲ್ಲವನ್ನೂ ಓದಿದರು. ಈಗ ಬೇರೆ ಸಮಸ್ಯೆ ಶುರುವಾಗಿದೆ. ಎರಡು ಕೆಜಿ ರಾಗಿ ಹಿಟ್ಟು, ಒಂದು ಕೆಜಿ ಹುಳಿಪುಡಿ, ಅರ್ಧ ಕೆಜಿ ಚಟ್ನಿಪುಡಿ ಕಟ್ಟಿಕೊಡ್ತಾರಂತೆ. 23 ಕೆಜಿ ಲಗೇಜಲ್ಲಿ ನನ್ನ ಬಟ್ಟೆಗೆ ಜಾಗ ಇಲ್ಲ.

ಹಳೇ ಸಿಲಬಸ್
ತಾಯಿಯವರಿಗೆ ನಮಸ್ಕಾರ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ. ಇಥಿಯೋಪಿಯ, ಉಗಾಂಡ ಕಡೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ಕಿಸುಮು ಸಂತೆಯಲ್ಲಿ 'ವಿಂಬಿ' ಅಂತ ಕೇಳಿ, ರಾಗಿನೇ ಕೊಡ್ತಾರೆ. ನೀವು ರಾಗಿಯನ್ನ ಅದರ ತವರುಮನೆಗೇ ಹೊತ್ಕೊಂಡು ಹೋಗ್ತೀರಿ.

ಮುದ್ದೆ ಮುರಿಯೋನು
ವಿಂಬಿ ಗಂಜಿ ಬೆಳಗ್ಗೆ ಸ್ಟೀಲ್ ಮಗ್‌ನಲ್ಲಿ ಕೊಡ್ತಾರೆ, 'ಉಜಿ' ಅಂತ. ನಮ್ಮ ಅಂಬಲಿನೇ. ಹಿಟ್ಟು ಬಿಡಿ, ಹುಳಿಪುಡಿ ತಗೊಳ್ಳಿ. ಅಂಗಡಿ ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ಅಲ್ಲಿ 2017ರಿಂದ ನಿಷೇಧ. ಬಟ್ಟೆ ಚೀಲದಲ್ಲಿ ಕಟ್ಟಿ.

ನಾಲ್ಕನೇ ಬ್ಲಾಕ್ ಆಂಟಿ
ಬಟ್ಟೆ ಚೀಲ ನಾನು ಹೊಲಿದು ಕೊಡ್ತೀನಿ ಮಗಳೇ. ವಿಜಯನಗರದಿಂದ ಜಯನಗರ ಏನು ದೂರ.

ವಿಜಯನಗರ ವಾಸಿ
ಆಂಟಿ, ಶನಿವಾರ ಬರ್ತೀನಿ. ಈ 'ಬರ್ತೀನಿ' ನಿಜವಾಗಲೂ ಬರ್ತೀನಿ.
ಅಮ್ಮ ಹೇಳಿದ್ದು: ತವರುಮನೆಗೆ ಹೋಗುವಾಗ ಯಾರಾದರೂ ಬರಿಗೈಲಿ ಹೋಗ್ತಾರಾ, ಒಂದು ಕೆಜಿ ಆದರೂ ಇರಲಿ ಅಂತ.

ಡಾಯ್ಚ್ ದೋಸೆ
ಕುಕ್ಕರ್ ತಗೊಂಡು ಹೋಗೋದಾದರೆ ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಕೊಳ್ಳಿ. ನನ್ನದು ಆರನೇ ತಿಂಗಳಿಗೇ ಹೋಯಿತು.

ಒನ್ ಬೈ ಟು
ವಿಷಲ್ ಕೂಡ.